ಘಟ್ಟ ಹತ್ತಿದ ತುಳು

ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟಗಳ ಲೈನುಮನೆಗಳಲ್ಲಿ ಸಂಜೆ ಹೊತ್ತು ತುಳು ಕಿವಿಗೆ ಬೀಳುತ್ತೆ. ಕೆಲಸಕ್ಕೆಂದು ಶಿರಾಡಿ ಘಟ್ಟ ಹತ್ತಿ ಬಂದು ಇಲ್ಲೇ ನೆಲೆನಿಂತವರ ಮನೆಮಾತು ಅದು. ಮಕ್ಕಳು ಅಜ್ಜಿ ಹತ್ತಿರ ತುಳು, ಮೇಷ್ಟ್ರ ಹತ್ತಿರ ಕನ್ನಡ.

ಹೀಗೆ ಬೆಟ್ಟದ ನಡುವೆ ಮನೆಮಾತಾಗಿ ಉಳಿದ ಭಾಷೆ ಅಂದಾಗ ಸ್ಪೇನ್–ಫ್ರಾನ್ಸ್ ಗಡಿಯ ಗುಡ್ಡಗಾಡಿನ ಬಾಸ್ಕ್ ಜನ ನೆನಪಾಗ್ತಾರೆ. ಅವರ ಭಾಷೆಗೆ ಜಗತ್ತಿನಲ್ಲೆಲ್ಲೂ ಜೀವಂತ ನಂಟು ಭಾಷೆಯಿಲ್ಲ. (ತುಳುವಿಗೆ ಕನ್ನಡವಾದರೂ ಇದೆ!) ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋ ಆಳ್ವಿಕೆಯಲ್ಲಿ ತುಳಿತಕ್ಕೆ ಸಿಕ್ಕ ಆ ಭಾಷೆಗೆ 1979ರಲ್ಲಿ ಸ್ಪೇನಿನ ಬಾಸ್ಕ್ ಪ್ರಾಂತ್ಯದಲ್ಲಿ ಅಧಿಕೃತ ಸ್ಥಾನ ಸಿಕ್ಕಿತು. ಮಾತಾಡೋರು ಹತ್ತು ಲಕ್ಷದೊಳಗೆ ಅಷ್ಟೇ.

ಇತ್ತ ನಮ್ಮಲ್ಲಿ, 2011ರ ಜನಗಣತಿ ಪ್ರಕಾರ ತುಳು ಮನೆಮಾತಿನವರು 18 ಲಕ್ಷಕ್ಕೂ ಹೆಚ್ಚು. ಆದರೂ ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಜಾಗ ಸಿಕ್ಕಿಲ್ಲ. ಬೇರೆ ಕಾರಣ ಏನೇ ಇರಲಿ, ಜನ ಕಡಿಮೆ ಅನ್ನೋ ನೆಪ ಮಾತ್ರ ಹೇಳಬೇಡಿ.