ಮಾತಾಡುವ ವಾಹನಗಳು, ಮಾತಾಡದ ಊರದಾರಿ

ನಮ್ಮ ನೀಲಗುಂದದ ಸೀಮೆಯ ಹಿರಿಯರಿಗೆ ಲಾರಿ ಚಾಲಕರ ಸಂಜ್ಞೆಗಳು ಪರಿಚಿತವೇ. ಎದುರಿನಿಂದ ಬರುವವನು ದೀಪ ಮಿನುಗಿಸಿದರೆ ಮುಂದೆ ಏನೋ ತೊಡಕಿದೆ ಎಂದರ್ಥ. ರಸ್ತೆಯ ಮೇಲೆ ಹಸಿ ಟೊಂಗೆ ಬಿದ್ದಿದ್ದರೆ ಲಾರಿಯೊಂದು ಕೆಟ್ಟು ನಿಂತಿದೆ ಎಂದರ್ಥ. ಯಾವ ಹಳ್ಳ ಬಂದಿದೆ, ಯಾವ ದಾರಿ ಹಿಡಿದರೆ ಡೀಸೆಲ್ ಉಳಿದೀತು ಎಂಬ ಸುದ್ದಿ ಚಹಾದಂಗಡಿಯಲ್ಲಿ ಬಾಯಿಂದ ಬಾಯಿಗೆ ಸಾಗುತ್ತಿತ್ತು. ಆದುದರಿಂದ ವಾಹನಗಳು ಪರಸ್ಪರ ಮಾತಾಡಿಕೊಂಡು ಇಂಧನ ಉಳಿಸುವ ವಿದ್ಯೆ ತೀರ ಹೊಸದೇನಲ್ಲ. ಹೊಸದು ಅದರ ವೇಗ ಮತ್ತು ವಿಸ್ತಾರ.

ಇಂದು ಚಾಲಕರ ಮೊಬೈಲುಗಳು ತಾವಿರುವ ಸ್ಥಳವನ್ನೂ ವೇಗವನ್ನೂ ತಿಳಿಸುತ್ತವೆ. ಅವನ್ನೆಲ್ಲ ಕೂಡಿಸಿ ನೋಡಿದರೆ ಯಾವ ರಸ್ತೆ ಕಟ್ಟಿಕೊಂಡಿದೆಯೆಂಬುದು ತಿಳಿಯುತ್ತದೆ. ಕಡಿಮೆ ಇಂಧನ ಬೇಡುವ ದಾರಿಯನ್ನು ಹಸಿರೆಲೆಯ ಗುರುತಿನಿಂದ ತೋರಿಸುವ ಸೌಲಭ್ಯವನ್ನು ಗೂಗಲ್ ನಕ್ಷೆ 2021ರಲ್ಲಿ ಅಮೆರಿಕದಲ್ಲಿ ಆರಂಭಿಸಿತು. ಭಾರತಕ್ಕೂ ತರುವುದಾಗಿ 2023ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಇಂಥದೇ ಸಂಚಾರದ ಮಾಹಿತಿಯಿಂದ ಸಿಗ್ನಲ್ಲುಗಳ ಕಾಲವನ್ನು ಹೊಂದಿಸುವ ಪ್ರಯೋಗ ಬೆಂಗಳೂರಿನಲ್ಲಿ ನಡೆದಿದೆ. ಸಿಗ್ನಲ್ಲೇ ವಾಹನಕ್ಕೆ ನೇರವಾಗಿ 'ಇನ್ನು ಇಷ್ಟು ಕ್ಷಣಕ್ಕೆ ಕೆಂಪಾಗುವೆ' ಎಂದು ತಿಳಿಸುವುದು ಇದರ ಮುಂದಿನ ಹೆಜ್ಜೆ.

ಇದರಿಂದ ಉಳಿಯುವುದೆಷ್ಟು? ತರಗತಿಯಲ್ಲಿ ಮಾಡುತ್ತಿದ್ದಂತೆ ಒಂದು ಲೆಕ್ಕ ಮಾಡೋಣ. ಹತ್ತು ಟನ್ ತೂಕದ ಲಾರಿ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ, ಅಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹೋಗುತ್ತಿದೆಯೆನ್ನಿ. ಅದರ ಚಲನಶಕ್ತಿ 5 ಲಕ್ಷ ಜೂಲ್. ಬ್ರೇಕ್ ಒತ್ತಿದೊಡನೆ ಅದೆಲ್ಲ ಶಾಖವಾಗಿ ಗಾಳಿಗೆ ಹೋಗುತ್ತದೆ. ಡೀಸೆಲ್ಲಿನ ಶಕ್ತಿಯಲ್ಲಿ ಮೂರನೆಯ ಒಂದು ಭಾಗ ಮಾತ್ರ ಗಾಲಿಗೆ ತಲುಪುತ್ತದೆಂದು ಹಿಡಿದರೆ, ಮತ್ತೆ ಅದೇ ವೇಗ ಪಡೆಯಲು ಸುಮಾರು 40 ಮಿಲಿಲೀಟರ್ ಬೇಕು. ಇಪ್ಪತ್ತೈದು ಬಾರಿ ನಿಂತರೆ ಒಂದು ಲೀಟರ್! ನಿಂತಲ್ಲೇ ಎಂಜಿನ್ ಉರಿಸುವುದು ಬೇರೆ. ಆದುದರಿಂದ ನಿಲ್ಲದೆ ಸಾಗಿಸುವ ಈ ವಿದ್ಯೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ ಒಂದು ಶಂಕೆ ಉಳಿಯುತ್ತದೆ. ಮೊಬೈಲ್ ಮಾತಾಡಿದ್ದು ಮಾತ್ರ ಆ ಲೆಕ್ಕಕ್ಕೆ ಸಿಗುತ್ತದೆ. ನಮ್ಮ ಕಡೆಯ ಕುರಿಹಿಂಡು, ಎತ್ತಿನ ಬಂಡಿ, ಕೊಯ್ಲಿನ ಕಾಲದಲ್ಲಿ ರಸ್ತೆಯಂಚಿನಲ್ಲಿ ಒಣಗುವ ಮೆಕ್ಕೆಜೋಳ, ಸಾಲಾಗಿ ಶಾಲೆಗೆ ನಡೆಯುವ ಮಕ್ಕಳು, ಇವು ಯಾವುದೂ ಸಂದೇಶ ಕಳಿಸುವುದಿಲ್ಲ. ಅವುಗಳಿಂದ ತುಂಬಿದ ಊರದಾರಿಯೇ ನಕ್ಷೆಗೆ ಬಿಡುವಾದ ದಾರಿಯೆನಿಸಬಹುದು. ಹೆದ್ದಾರಿಯ ಹತ್ತು ಲಾರಿಗಳನ್ನು ಅತ್ತ ತಿರುಗಿಸಿದರೆ ಡೀಸೆಲ್ ಉಳಿದೀತು. ಆದರೆ ಬೆಲೆ ತೆರುವವರು ಯಾರು? ಚಹಾದಂಗಡಿಯ ಚಾಲಕನಾದರೆ ಆ ದಾರಿ ಬಲ್ಲವನು; 'ಶಾಲೆ ಬಿಡುವ ಹೊತ್ತು, ಬೇಡ' ಎನ್ನುತ್ತಿದ್ದನು.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಇಂಥ ತಂತ್ರಾಂಶಗಳನ್ನು ರೂಪಿಸುವ ಉದ್ಯೋಗದಲ್ಲಿದ್ದೀರಿ. ನಿಮ್ಮಲ್ಲಿ ಒಂದೇ ಬಿನ್ನಹ: ದಾರಿಯ ಲೆಕ್ಕ ಹಾಕುವಾಗ ಲೀಟರುಗಳ ಜೊತೆಗೆ, ಮಾತಾಡಲಾರದೆ ಆ ದಾರಿಯಲ್ಲಿರುವವರನ್ನೂ ಎಣಿಸಿರಿ.