ಕ್ಯಾಮರಾ ಹಿಡಿದ ಕೈ

"ಮನೆಯಾಕಿಗೆ ಕ್ಯಾಮರಾ ಯಾಕ್ರೀ?" ಎಂದು ಬಂಧುಗಳಲ್ಲಿ ಒಬ್ಬರಾದರೂ ಕೇಳದೆ ನಮ್ಮಲ್ಲಿ ಯಾವ ಹಬ್ಬವೂ ಮುಗಿಯುವುದಿಲ್ಲ. ಬಂಗಾರದ ಬಳೆಯ ಹುಚ್ಚಿದ್ದರೆ ಯಾರೂ ಕೇಳುತ್ತಿರಲಿಲ್ಲ ನೋಡಿ! ಚೀಟಿ ಹಣ ಕೈಗೆ ಬಂದಾಗ ನಾನು ಕೊಂಡದ್ದು ಕ್ಯಾಮರಾ, ಜೊತೆಗೊಂದು ಉದ್ದನೆಯ ಲೆನ್ಸು. ನಮ್ಮ ಮನೆಯವರು ಮಾತ್ರ ನಕ್ಕು ಸುಮ್ಮನಾದರು.

ನಮ್ಮ ಕಲಬುರಗಿಯಲ್ಲಿ ಬಿಸಿಲಿಗಂತೂ ಬರವಿಲ್ಲ. ಆದರೆ ಮೇ ತಿಂಗಳ ನಡುಹಗಲಿನ ಬೆಳಕು ಮುಖಕ್ಕೆ ಸುಣ್ಣ ಬಳಿದ ಹಾಗೆ ಬೀಳುತ್ತದೆ, ಕಣ್ಣಿನ ಕೆಳಗೆಲ್ಲ ಕಪ್ಪು ನೆರಳು. ಅದಕ್ಕೇ ಒಲೆ ಹಚ್ಚುವ ಮೊದಲೇ ಹೊರಟುಬಿಡುತ್ತೇನೆ. ಕೋಟೆಯೊಳಗಿನ ಜಾಮಿ ಮಸೀದಿ 1367ರದು. ನಡುವೆ ಬಯಲು ಅಂಗಳವೇ ಇಲ್ಲ, ಪೂರ್ತಿ ಗುಮ್ಮಟಗಳ ಮಾಡು. ಕಮಾನಿನ ಹಿಂದೆ ಕಮಾನು. ಎಷ್ಟು ಸಲ ತೆಗೆದರೂ ನನಗೆ ಬೇಸರವಿಲ್ಲ. ತೊಗರಿ ಹೂಬಿಟ್ಟಾಗ ಊರ ಹೊರಗಿನ ಕರಿನೆಲದ ಮೇಲೆ ಹಳದಿ ಚೆಲ್ಲಿರುತ್ತದೆ, ಅದೂ ಬಿಡುವಂಥದ್ದಲ್ಲ.

ಕುಸ್ತಿ ಕಣಕ್ಕೆ ಮೊದಲ ಸಲ ಹೋದಾಗ ಗಂಡಸರೆಲ್ಲ ಕುಸ್ತಿ ಬಿಟ್ಟು ನನ್ನನ್ನೇ ನೋಡಿದರು. "ಅಕ್ಕೋರ, ಪೇಪರ್‌ದೋರೇನ್ರೀ?" ಎಂದ ಒಬ್ಬ ಹುಡುಗ. ಅಲ್ಲಪ್ಪಾ ಎಂದು ಮುಂದೆ ಹೋಗಿ ಕೂತೆ. ಸೆಕೆಂಡಿನ 500ರಲ್ಲಿ ಒಂದು ಪಾಲಿಗೆ ಕ್ಯಾಮರಾ ಇಟ್ಟುಕೊಂಡರೆ ಓಟ, ಪಟ್ಟು ಎಲ್ಲ ನಿಂತ ಹಾಗೆ ಬರುತ್ತವೆ. ಆದರೆ ಗುಂಡಿ ಒತ್ತುವ ಹೊತ್ತು ನಾವೇ ಅರಿಯಬೇಕು. ಹಂಚಿನ ಮೇಲೆ ಜೋಳದ ರೊಟ್ಟಿ ಯಾವಾಗ ಉಬ್ಬೀತು ಎಂದು ಬಲ್ಲವರಿಗೆ ಇದೇನು ಮಹಾ? ಎದುರಾಳಿಯನ್ನು ಎತ್ತುವ ಮೊದಲು ಪೈಲ್ವಾನನ ಕಾಲ್ಬೆರಳು ಮಣ್ಣು ಕಚ್ಚುತ್ತವೆ. ಆಗಲೇ ಒತ್ತಬೇಕು.

ಕಷ್ಟವಿರುವುದು ಜನರ ಮುಖ ತೆಗೆಯುವುದರಲ್ಲಿ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಸಾಮಾನ್ಯ ಜನರ ಬದುಕನ್ನೇ ಚಿತ್ರಿಸಿ ಹೆಸರಾದವರು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಆ ಚಿತ್ರಗಳಲ್ಲಿ ಯಾರೂ ಬೆದರಿದ ಹಾಗೆ ಕಾಣುವುದಿಲ್ಲ. ಅದನ್ನು ಅವರು ಹೇಗೆ ಸಾಧಿಸಿದರೋ ಎಂದು ನಾನು ಯೋಚಿಸುತ್ತಿದ್ದಾಗಲೇ ಕಮಲಾಪುರದ ಅವ್ವ ಸಿಕ್ಕಿದ್ದು.

ಕಮಲಾಪುರ ಹುಮನಾಬಾದ್ ರಸ್ತೆಯಲ್ಲಿದೆ. ಅಲ್ಲಿಯ ಕೆಂಪು ಬಾಳೆ ನೀವೂ ಕೇಳಿರುತ್ತೀರಿ. ಸಿಪ್ಪೆ ಕೆಂಪು, ಒಳಗೆ ಕೆನೆಬಣ್ಣ. ಗೊನೆ ಕೈಗೆ ಬರಲು ಒಂದೂವರೆ ವರ್ಷದಷ್ಟು ಕಾಯಬೇಕು, ಬೆಲೆಯೂ ಹಾಗೇ. ರಸ್ತೆ ಬದಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಆ ಮುದುಕಿಯನ್ನು, ಒಂದು ಫೋಟೋ ತಗೀಲೇನಮ್ಮಾ ಎಂದು ಕೇಳಿದೆ.

"ನನ್ನ ಮಾರಿ ಒಯ್ದು ಏನ್ ಮಾಡ್ತೀಯವ್ವಾ? ಕಾರಿನ್ಯಾಗ ಬಂದೋರು ಭಾಳ ಮಂದಿ ತಗೊಂಡಾರ. ಒಬ್ರೂ ಹೊಳ್ಳಿ ತಂದು ತೋರಿಸಲಿಲ್ಲ" ಎಂದಳು. ಮನೆಯಲ್ಲಿ ಅವಳದೊಂದು ಪಟವಿಲ್ಲವಂತೆ. "ಆಧಾರ್ ಕಾರ್ಡಿನ್ಯಾಗ ಅದ ಖರೆ, ಅದು ನಾನ ಅಲ್ಲ ಅನಸ್ತದ!"

ಎರಡು ವಾರ ಬಿಟ್ಟು, ದೊಡ್ಡದಾಗಿ ಅಚ್ಚು ಹಾಕಿಸಿಕೊಂಡು ಬಸ್ಸು ಹತ್ತಿದೆ. ಸೆರಗಿನಿಂದ ಕೈ ಒರೆಸಿಕೊಂಡು ಚಿತ್ರ ತೆಗೆದುಕೊಂಡಳು. ಬಹಳ ಹೊತ್ತು ಮಾತಿಲ್ಲ. ಆಮೇಲೆ, "ನಮ್ಮವ್ವ ಹಿಂಗs ಇದ್ದಳು. ಆಕಿದೊಂದು ಪಟ ಇರಲಿಲ್ಲ" ಎಂದಳು.

ನಾನು ಬೇಡವೆಂದರೂ ಆರು ಹಣ್ಣು ಚೀಲಕ್ಕೆ ಹಾಕಿದಳು. ಅಷ್ಟರಲ್ಲಿ ಪಕ್ಕದ ಬುಟ್ಟಿಯ ಹೆಂಗಸು ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ನೆಟ್ಟಗೆ ಕೂತಿದ್ದಳು.