ಹೆಮ್ಮಿಗೆಯ ಆಕಾಶದ ತೂಕ

ಅಪ್ಪನ ಅಂಬಾಸಿಡರಿಗೆ ನನ್ನ ಕಾರಿನಂಥ ಸೂಕ್ಷ್ಮದ ಕಾಯಿಲೆ ಬರುತ್ತಿರಲಿಲ್ಲ. ಕಾರ್ಬ್ಯುರೇಟರಿನ ಜೆಟ್ ಬಿಚ್ಚಿ, ಬಾಯಲ್ಲಿ ಊದಿ ಕೂರಿಸಿದರೆ ಸೇತುವೆ ದಾಟಿ ತಲಕಾಡಿಗೆ ಹೊರಟುಬಿಡುತ್ತಿತ್ತು. ಹಾಗಂತ ಅದಕ್ಕೆ ಗಾಳಿಯ ಒತ್ತಡದ ಪರಿಚಯ ಇರಲಿಲ್ಲವೆಂದಲ್ಲ. ಡಿಸ್ಟ್ರಿಬ್ಯೂಟರಿಗೆ ಅಂಟಿದ ಪುಟ್ಟ ಡಬ್ಬಿಯೊಳಗೆ ತೆಳುವಾದ ಪೊರೆಯೊಂದಿತ್ತು. ಎಂಜಿನ್ ಗಾಳಿ ಎಳೆದಂತೆ ಅದು ಬಾಗಿ ಕಿಡಿಯ ಹೊತ್ತನ್ನು ಹಿಂದುಮುಂದು ಮಾಡುತ್ತಿತ್ತು. ಯಾರಿಗೂ ವರದಿ ಒಪ್ಪಿಸುತ್ತಿರಲಿಲ್ಲ, ಅಷ್ಟೆ.

ನನ್ನ ಕಾರಿನಲ್ಲಿ ಗಾಳಿಯ ಒತ್ತಡ ಅಳೆಯುವ ಸೆನ್ಸರಿನೊಳಗೂ ಇರುವುದು ಪೊರೆಯೇ, ಆದರೆ ಸಿಲಿಕಾನಿನದು. ಸಿಲಿಕಾನಿನ ಮೇಲೆ ಒತ್ತಡ ಬಿದ್ದರೆ ಅದರ ವಿದ್ಯುತ್ ನಿರೋಧ ಬದಲಾಗುತ್ತದೆಂದು ಅಮೆರಿಕದ ಚಾರ್ಲ್ಸ್ ಸ್ಮಿತ್ 1954ರಲ್ಲಿ ತೋರಿಸಿದ್ದ. ನಮ್ಮಲ್ಲಿ 2000ದ ಆಸುಪಾಸಿನಲ್ಲಿ ಹೊಗೆಯ ಕಾನೂನು ಬಿಗಿಯಾಗಿ ಕಾರ್ಬ್ಯುರೇಟರ್ ಮೂಲೆ ಸೇರಿದ ಮೇಲೆ, ಎಷ್ಟು ಪೆಟ್ರೋಲು ಬಿಡಬೇಕೆಂದು ಎಂಜಿನ್ನಿನ ಕಂಪ್ಯೂಟರು ಇಂಥ ಪೊರೆಗಳನ್ನೇ ಕೇಳತೊಡಗಿತು.

ನಮ್ಮೂರು ಹೆಮ್ಮಿಗೆಯ ಮಾಧವಮಂತ್ರಿ ನಾಲೆಯ ಬಯಲಿನಲ್ಲಿ ಭತ್ತದ ಕೊಯ್ಲು ಮುಗಿದಿತ್ತು. ಆ ದಿನಗಳಲ್ಲೇ ನನ್ನ ಕಾರು ಎಳೆಯುವುದನ್ನು ಬಿಟ್ಟು ಕೆಮ್ಮತೊಡಗಿತು, ಚೆಕ್ ಎಂಜಿನ್ ದೀಪ ಹತ್ತಿತು. ಒಂದು ಗ್ಯಾರೇಜಿನವರು ಸ್ಕ್ಯಾನರ್ ಸಿಕ್ಕಿಸಿ, ಪಿ0107 ಎಂದು ಓದಿ, ಹೊಸ ಸೆನ್ಸರ್ ಹಾಕಿ, ಬಿಲ್ಲು ಕೊಟ್ಟರು. ದೀಪ ಮಾತ್ರ ಆರಲಿಲ್ಲ. ಆ ಕೋಡು ಹೇಳುವುದು ಸರ್ಕ್ಯೂಟಿನಿಂದ ಬರುವ ವೋಲ್ಟೇಜು ತೀರಾ ಕಡಿಮೆಯಿದೆ ಎಂದಷ್ಟೇ; ಸೆನ್ಸರ್ ಸತ್ತಿದೆ ಎಂದಲ್ಲ. ಚಾಡಿ ಕೇಳಿದವರಂತೆ ನಾವು ಅರ್ಧಕ್ಕೇ ತೀರ್ಪು ಕೊಟ್ಟುಬಿಡುತ್ತೇವೆ.

ನರಸೀಪುರದ ಆಟೋ ಎಲೆಕ್ಟ್ರಿಷಿಯನ್ ಹುಡುಗ ಬೇರೆ ಬಗೆಯವನು. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ತಿರುಗಿಸಿದ. "ಈಗ ಇದು ಹೊರಗಿನ ಗಾಳಿ ಒತ್ತಡ ತೋರಿಸ್ಬೇಕು ಸಾ, ತೋರಿಸ್ತಿಲ್ಲ ನೋಡಿ" ಎಂದ. ನನಗೆ ವಿಜ್ಞಾನಿ ಟೊರಿಚೆಲ್ಲಿ ನೆನಪಾದ. 1644ರಲ್ಲೇ ಆತ, ನಾವೆಲ್ಲ ಗಾಳಿಯ ಕಡಲಿನ ತಳದಲ್ಲಿ ಬದುಕುತ್ತಿದ್ದೇವೆಂದು ಬರೆದಿದ್ದ. ಮಂಗಳೂರಿನ ಕಡಲಂಚಿನಲ್ಲಿ ಆ ಗಾಳಿಗಡಲಿನ ಒತ್ತಡ 101 ಕಿಲೋಪಾಸ್ಕಲ್. ಆರುನೂರು ಮೀಟರಿಗೂ ಎತ್ತರದಲ್ಲಿರುವ ನಮ್ಮೂರಿನಲ್ಲಿ 94ರ ಸುತ್ತಮುತ್ತ. ನಿಂತ ಕಾರೆಂದರೆ ಹೆಮ್ಮಿಗೆಯ ಆಕಾಶವನ್ನು ತೂಗುವ ತಕ್ಕಡಿ! ಪಂಚಾಂಗದವರಿಗೂ ಇಲ್ಲದ ಈ ಸೌಲಭ್ಯ ಬಾನೆಟ್ಟಿನ ಕೆಳಗೆ ಬಿದ್ದಿದೆ.

ಹುಡುಗ ಸೆನ್ಸರಿನ ಕನೆಕ್ಟರ್ ಕಿತ್ತು ಮಲ್ಟಿಮೀಟರ್ ಇಟ್ಟ. ಒಂದು ವೈರಿನಲ್ಲಿ ಐದು ವೋಲ್ಟು ಬರುತ್ತಿತ್ತು. ಅರ್ತೂ ಸರಿಯಿತ್ತು. ಉಳಿದದ್ದು ಸುದ್ದಿ ಒಯ್ಯುವ ಸಿಗ್ನಲ್ ವೈರು. ಬ್ಯಾಟರಿ ಬಿಚ್ಚಿ, ಕಂಪ್ಯೂಟರಿನ ಕಡೆಯ ತುದಿಯನ್ನೂ ಕಳಚಿ, ಆ ವೈರಿಗೂ ಬಾಡಿಗೂ ಮೀಟರ್ ಮುಟ್ಟಿಸಿದ. ಕೀಂ ಎಂದು ಕೂಗಿತು. ಎಲ್ಲೂ ಮುಟ್ಟಬಾರದ ವೈರು ಎಲ್ಲೋ ಕಬ್ಬಿಣಕ್ಕೆ ತಗುಲಿದೆ. ಹೊಸ ಸೆನ್ಸರು ನಿಜ ಹೇಳುತ್ತಲೇ ಇತ್ತು. ಅದರ ಮಾತು ದಾರಿಯಲ್ಲೇ ನೆಲಕ್ಕಿಳಿಯುತ್ತಿತ್ತು.

ವೈರನ್ನು ಬೆರಳಲ್ಲಿ ಸವರುತ್ತ ಹೋದವನು ಬ್ರಾಕೆಟ್ಟಿನ ಹಿಂದೆ ನಿಂತ. ಮೇಲಿನ ಹೊದಿಕೆ ಚೊಕ್ಕವಾಗಿ ತಿಂದುಹೋಗಿತ್ತು. ಬಯಲು ಬರಿದಾದ ಮೇಲೆ ಇಲಿಗಳಿಗೂ ಬೆಚ್ಚಗಿನ ಮನೆ ಬೇಕಲ್ಲ. ಬೆಸುಗೆ ಹಾಕಿ, ಸ್ಲೀವ್ ತೊಡಿಸಿ, ಕೋಡು ಅಳಿಸಿದ. ಸ್ಕ್ಯಾನರಿನಲ್ಲಿ 94 ಬಂತು. ಸ್ಟಾರ್ಟ್ ಮಾಡಿದೊಡನೆ ಮೂವತ್ತರ ಆಚೀಚೆಗೆ ಇಳಿಯಿತು. ಎಂಜಿನ್ ಗಾಳಿ ಎಳೆಯುತ್ತಿದೆ ಎಂದರ್ಥ.

"ಬಾನೆಟ್ ಒಳಗೆ ಒಂದೆರಡು ಹೊಗೆಸೊಪ್ಪು ಇಡಿ ಸಾ" ಎಂದ. ಇಟ್ಟಿದ್ದೇನೆ. ಇಲಿ ಮತ್ತೆ ಬಂದಿಲ್ಲ. ಆದರೆ ಕಾರು ಹತ್ತಿದ ನೆಂಟರೆಲ್ಲ ಮೂಗರಳಿಸಿ ನನ್ನ ಮುಖವನ್ನೇ ಅನುಮಾನದಿಂದ ನೋಡುತ್ತಾರೆ.